ಹೊರಟಲ್ಲಿಗೇ ಬರುವ ದಾರಿ

ಎಲ್ಲಿಗೂ ಹೋಗದ ರಸ್ತೆಗಳನ್ನು ನಮ್ಮ ದೇಶದಲ್ಲಿ ಬೇಕಾದಷ್ಟು ಮಂದಿ ಮಾಡಿಸಿದ್ದಾರೆ. ಆದರೆ ಅದು ಎಲ್ಲಿಗೂ ಹೋಗುವುದಿಲ್ಲ ಎಂದು ಮೊದಲೇ ಗೊತ್ತಿದ್ದು, ನಾಲ್ಕು ಜನರ ಮುಂದೆ ಒಪ್ಪಿಕೊಂಡು, ಕೈಯಾರೆ ಮಾಡಿದವರು ಹೊಸನಗರ ತಾಲೂಕಿನ ಮಟ್ಟಿಗೆ ನಮ್ಮ ಸೋದರಮಾವ ಒಬ್ಬರೇ! ಅದೂ ಯಾವಾಗ? ಶರಾವತಿಗೆ ಅಣೆಕಟ್ಟು ಕಟ್ಟಿ, ನಿಜವಾಗಿ ಎಲ್ಲೆಲ್ಲಿಗೋ ಹೋಗುತ್ತಿದ್ದ ಒಳ್ಳೊಳ್ಳೆಯ ರಸ್ತೆಗಳು ಹಿನ್ನೀರಿನೊಳಗೆ ಹೋಗುತ್ತಿದ್ದ ಕಾಲದಲ್ಲಿ. ಜನ ಇದ್ದ ದಾರಿ ಕಳೆದುಕೊಂಡು ಕಂಗಾಲಾಗಿದ್ದರೆ, ಇವರು ಮನೆಯಿಂದ ಹೊರಟು ಅದೇ ಮನೆಗೆ ಬಂದು ಸೇರುವ ದಾರಿಯೊಂದನ್ನು ಕಡಿದು, ಅದರ ಮೇಲೆ ಮರ ಕೊಚ್ಚಿ ಹಾಸುತ್ತಿದ್ದರು.

ಕೊಚ್ಚಲು ಮರಕ್ಕೇನೂ ಬರವಿರಲಿಲ್ಲ. ಹೊಸನಗರದ ಹೊರಗೆ ಬಸ್ಸಿನ ರಸ್ತೆಗೆ ತಾಗಿ ಮಾವನದೊಂದು ಮರ ಕೊಯ್ಯುವ ಮಿಲ್ಲಿತ್ತು. ಮುಳುಗುವ ಕಾಡನ್ನು ಮುಳುಗುವ ಮೊದಲೇ ಕಡಿದು ತರುವ ಲಾರಿಗಳು ಅದರ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ದಿಮ್ಮಿಯನ್ನು ಕೊಯ್ದು ಹಲಗೆ ಮಾಡಿ ಕಳಿಸಿದ ಮೇಲೆ ರೆಂಬೆ, ತೊಗಟೆ, ಸೀಳು ಎಂದು ಒಂದು ಗುಡ್ಡೆ ಉಳಿಯುತ್ತಿತ್ತು. ಮಿಲ್ಲಿನ ಹಿಂದೆ ಮನೆ, ಮನೆಯ ಹಿಂದೆ ನಿಜವಾದ ಗುಡ್ಡ. ಆ ಊರಿನ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿದ್ದರಿಂದ ನಾನು ಮಾವ, ಅತ್ತೆಯರ ಜೊತೆ ಆ ಮನೆಯಲ್ಲೇ ಉಳಿದುಕೊಂಡಿದ್ದೆ. ಹಾಗಾಗಿ ಇದೆಲ್ಲ ನಾನು ಕಣ್ಣಾರೆ ಕಂಡದ್ದು, ಕೆಲವನ್ನು ಮೈಯಾರೆ ಅನುಭವಿಸಿದ್ದು.

ಮಾವನ ಸ್ವಭಾವವನ್ನು ಮೊದಲು ಸ್ವಲ್ಪ ಹೇಳಬೇಕು. ಯಾವ ವಸ್ತುವೂ ತನಗೆ ಒಪ್ಪಿಸಿದ ಒಂದೇ ಕೆಲಸ ಮಾಡಿಕೊಂಡು ಸುಮ್ಮನಿರುವುದನ್ನು ಅವರು ಸಹಿಸುತ್ತಿರಲಿಲ್ಲ. ನಡುಮನೆಯ ಗಡಿಯಾರ ಒಮ್ಮೆ ಹನ್ನೆರಡೂವರೆಗೆ ನಿಂತುಹೋಯಿತು. ಬೇರೆಯವರಾದರೆ ರಿಪೇರಿಗೆ ಕೊಡುತ್ತಿದ್ದರು. ಮಾವ, "ಊಟದ ಹೊತ್ತು ತೋರಿಸ್ತಾ ಇದೆಯಲ್ಲ, ಸಾಕು" ಎಂದು ಅದನ್ನು ಅಡಿಗೆಮನೆಗೆ ವರ್ಗ ಮಾಡಿದರು. ಹರಿದ ಕೊಡೆಯ ಕಡ್ಡಿಗಳು ಹೀರೆಬಳ್ಳಿಗೆ ಚಪ್ಪರವಾದವು. ಹಾಡು ನಿಲ್ಲಿಸಿದ ಗ್ರಾಮಫೋನಿನ ತಟ್ಟೆಯ ಮೇಲೆ ಉಪ್ಪಿನಕಾಯಿ, ತುಪ್ಪ, ಚಟ್ನಿಪುಡಿ ಇಟ್ಟು, ಊಟಕ್ಕೆ ಕೂತವರ ಮುಂದೆ ಕೀಲಿ ಕೊಟ್ಟು ತಿರುಗಿಸಿದ್ದೂ ಉಂಟು. ಕೀಲಿ ಸ್ವಲ್ಪ ಜಾಸ್ತಿಯಾಗಿ ತುಪ್ಪದ ಗಿಂಡಿ ಅತ್ತೆಯ ಅಣ್ಣನ ಮಡಿಲಿಗೆ ಹಾರಿದ ಮೇಲೆ ಆ ಪದ್ಧತಿ ನಿಂತಿತು.

ಇಂಥವರ ಹೆಂಡತಿ ಆ ವರ್ಷ ಮಳೆಗಾಲದ ನಡುವೆ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ತೀರ್ಥಹಳ್ಳಿಯ ಡಾಕ್ಟರ ಹತ್ತಿರ ಪ್ಲಾಸ್ಟರ್ ಹಾಕಿಸಿಕೊಂಡು ಬಂದದ್ದಾಯಿತು. ಹಸುವನ್ನು ನೋಡಿಕೊಳ್ಳುವವರಿಲ್ಲದೆ ಅರಳಸುರಳಿಯ ಅವರ ತವರಿಗೆ ಕಳಿಸಿದ್ದಾಯಿತು. ಮಳೆ ಹಿಂದಾಗುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಮಾವನನ್ನು ಕರೆದು ಹೇಳಿದರು: "ಮೂಳೆ ಚೆನ್ನಾಗಿ ಕೂಡಿದೆ. ನನ್ನ ಕೆಲಸ ಮುಗೀತು. ಇನ್ನು ನಡೆಸೋದು ನಿಮ್ಮ ಕೆಲಸ. ದಿನಾ ನಡೀಬೇಕು, ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚು ನಡೀಬೇಕು, ಏರು ಹತ್ತಬೇಕು. ಹೆದರಿ ಕೂತ್ರೆ ಕಾಲು ಬತ್ತಿ ಹೋಗ್ತದೆ. ಆಮೇಲೆ ನನ್ನ ಹತ್ರ ಕರ್ಕೊಂಡು ಬರ್ಬೇಡಿ."

ಅತ್ತೆ ಹೆದರಿ ಕೂತರು. ಮನೆಯೊಳಗೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ, ಅಡಿಗೆಮನೆಗೆ ಅಷ್ಟೆ. ಹೊಸ್ತಿಲು ದಾಟಿ ಅಂಗಳ ಕಂಡ ಕೂಡಲೇ ಮುಖ ಬಿಳಿಚಿಕೊಳ್ಳುತ್ತಿತ್ತು. "ನೆಲ ನೋಡಿದ್ರೆ ಕಾಲು ನಡುಗ್ತದೆ ಕಣೆ. ಯಾರೋ ಕೆಳಗಿಂದ ಎಳೆದ ಹಾಗಾಗ್ತದೆ" ಎಂದು ನನ್ನೊಡನೆ ಹೇಳಿ ಮತ್ತೆ ಒಳಗೆ ಹೋಗುತ್ತಿದ್ದರು. ಅವರ ದೊಡ್ಡಮ್ಮ ಒಬ್ಬರು ಹೀಗೇ ಬಿದ್ದು, ಹೆದರಿ ಕೂತು, ಕಡೆಗೆ ಏಳಲಾರದೆ ಮೂಲೆ ಸೇರಿದವರು, ಸಾಯುವವರೆಗೂ ಆ ಮೂಲೆಯಿಂದ ಹೊರಗೆ ಬಂದಿರಲಿಲ್ಲ. ಅವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ನಾವು ಮೂವರೂ ಯೋಚಿಸುತ್ತಿದ್ದದ್ದು ಅವರನ್ನೇ.

ಹೆದರಿಕೆಯ ಜೊತೆಗೆ ಮರ್ಯಾದೆಯದೂ ಒಂದು ತೊಡಕಿತ್ತು. ನಮ್ಮ ಕಡೆ ಹೆಂಗಸರು ದಿನಕ್ಕೆ ಹತ್ತಾರು ಸಲ ಗುಡ್ಡ ಹತ್ತಿ ಇಳಿಯುತ್ತಾರೆ. ಆದರೆ ತಲೆಯ ಮೇಲೆ ಸೊಪ್ಪಿನ ಹೊರೆಯೋ ಸೊಂಟದ ಮೇಲೆ ಕೊಡವೋ ಇರಲೇಬೇಕು. ಬರಿಗೈಯಲ್ಲಿ, ನಡೆಯುವುದಕ್ಕಾಗಿಯೇ ನಡೆಯುವುದೆಂದರೇನು! "ಹುಚ್ಚು ಹಿಡಿದವರ ಹಾಗೆ ಸುಮ್ಮನೆ ಸುತ್ತಿದ್ರೆ ನೋಡಿದವರು ಎಂತ ಅಂತಾರೆ?" ಎಂದರು ಅತ್ತೆ. ಮಾವ ಕೂಡಲೇ ಖಾಲಿ ಕೊಡವೊಂದನ್ನು ತಂದು ಕೈಗೆ ಕೊಟ್ಟರು. "ಖಾಲಿ ಕೊಡ ಹಿಡ್ಕೊಂಡು ಬೆಳಿಗ್ಗೆ ಬೆಳಿಗ್ಗೆ ಎದುರಿಗೆ ಹೋದ್ರೆ ಊರವರು ಅವರವರ ಕೆಲಸಕ್ಕೆ ಹೋಗೋದು ಬೇಡ್ವಾ?" ಎಂದರು ಅತ್ತೆ. ತುಂಬಿದ ಕೊಡ ಹೊರುವುದಕ್ಕೆ ಡಾಕ್ಟರ ಅಪ್ಪಣೆ ಇಲ್ಲ. ಕೊಡ ವಾಪಸು ಬಚ್ಚಲಿಗೆ ಹೋಯಿತು.

ಆಗ ಮಾವನಿಗೆ ಹೊಳೆದದ್ದೇ ದಾರಿ. ಜಾರದ ದಾರಿ, ಚುಚ್ಚದ ದಾರಿ, ಊರವರ ಕಣ್ಣಿಗೆ ಬೀಳದೆ ಮನೆಯ ಹಿಂದಿನಿಂದಲೇ ಹೊರಟು, ಹಲಸಿನ ಮರದ ತಿರುವು ಕಳೆದು, ನಿಧಾನವಾಗಿ ಗುಡ್ಡದ ತುದಿಯ ಬಂಡೆಗೆ ಹತ್ತಿ, ಆಚೆಯಿಂದ ಇಳಿದು ಮಿಲ್ಲಿನ ಪಕ್ಕದಲ್ಲಿ ಮನೆ ಸೇರುವ ದಾರಿ. ಮಣ್ಣು ಕಡಿದು ದಾರಿ ಮಾಡುವುದು ಸುಲಭದಲ್ಲೇ ಆಯಿತು. ಮೇಲೆ ಏನು ಹಾಸುವುದು? ಮಿಲ್ಲಿನಲ್ಲಿ ಗರಗಸದ ಹುಡಿ ರಾಶಿ ಬಿದ್ದಿತ್ತು. ಅದನ್ನೇ ಹಾಸಿ, "ಹಾಸಿಗೆ ಮೇಲೆ ನಡೆದ ಹಾಗೆ!" ಎಂದು ಅತ್ತೆಯನ್ನು ಜಗಲಿಗೆ ಕರೆತಂದು ಕೂರಿಸಿ ತಾವೇ ನಡೆದು ತೋರಿಸಿದರು. ಹಿಂದಿನ ದಿನ ಬಂದ ಮಳೆಗೆ ಆ ಹುಡಿ ಅಂಬಲಿಯಾಗಿತ್ತು. ಮಾವ ನಾಲ್ಕು ಹೆಜ್ಜೆ ಹೋದವರು ಐದನೆಯದಕ್ಕೆ ಕೂತೇಬಿಟ್ಟರು, ಕೂತಲ್ಲಿಂದಲೇ ಜಾರಿ ಅಂಗಳಕ್ಕೆ ವಾಪಸೂ ಬಂದರು!

"ಪ್ಲಾಸ್ಟರ್ ಹಾಕಿಸ್ಕೊಳ್ಳೋದಿದ್ರೆ ಮೊದಲೇ ಹೇಳೋದಲ್ವಾ? ಒಂದೇ ಕಾರಲ್ಲಿ ಇಬ್ಬರೂ ಹೋಗಿ ಬರ್ಬಹುದಿತ್ತು" ಎಂದರು ಅತ್ತೆ, ಜಗಲಿಯಿಂದ ಕದಲದೆ.

ಹುಡಿ ಅಲ್ಲ, ಚೂರು ಬೇಕು ಎಂದು ಮಾವನಿಗೆ ಅವತ್ತು ಜ್ಞಾನೋದಯವಾಯಿತು. ಹೆಬ್ಬೆರಳಿನಷ್ಟು ಅಗಲದ ಚೂರು, ಎಲೆ ತೊಗಟೆ ಸಮೇತ. ನೀರು ಕೆಳಗಿಳಿಯಬೇಕು, ಮೇಲೆ ಕಾಲಿಗೆ ಹಿಡಿತ ಸಿಗಬೇಕು. ಅಷ್ಟು ಚೂರನ್ನು ಕತ್ತಿಯಲ್ಲಿ ಕೊಚ್ಚುತ್ತ ಕೂತರೆ ಮುಂದಿನ ಮಳೆಗಾಲ ಬಂದೀತು. ಯಾವುದೋ ಕೆಲಸಕ್ಕೆಂದು ಸಾಗರಕ್ಕೆ ಹೋದ ಮಾವ ಅಲ್ಲೊಂದು ಅಂಗಡಿಯ ಮುಂದೆ ದನಗಳಿಗೆ ಹುಲ್ಲು ಕತ್ತರಿಸುವ ಯಂತ್ರ ಕಂಡರು. ದೊಡ್ಡ ಚಕ್ರ, ಚಕ್ರದ ಕಾಲುಗಳಿಗೆ ಎರಡು ಬಾಗಿದ ಕತ್ತಿ, ತಿರುಗಿಸುವುದಕ್ಕೆ ಒಂದು ಹಿಡಿ. ಅದು ಹುಲ್ಲು ಕತ್ತರಿಸುವ ಚಂದವನ್ನು ಅಂಗಡಿಯವನು ಹೊಗಳುತ್ತಿದ್ದಾಗ ಮಾವ ಕೇಳಿದರಂತೆ: "ಹುಲ್ಲನ್ನೇ ಕತ್ತರಿಸಬೇಕು ಅಂತ ಇದಕ್ಕೆ ಹೆಂಗೆ ಗೊತ್ತಾಗ್ತದೆ?"

ಅಂಗಡಿಯವನು ದುಡ್ಡು ಎಣಿಸಿಕೊಂಡ. ಯಂತ್ರ ಬಸ್ಸಿನ ತಲೆಯ ಮೇಲೆ ಹತ್ತಿತು. ಬಸ್ಸಿನ ಜನ ಸುಮ್ಮನಿರುತ್ತಾರೆಯೇ? ಚಕ್ರ ಕಂಡ ಒಬ್ಬರು ಕಬ್ಬಿನ ಗಾಣ ಎಂದರು, ಇನ್ನೊಬ್ಬರು ಹೌದೆಂದರು. ಮಾವ ಇಳಿದು ಮನೆ ಸೇರುವ ಮೊದಲೇ ಮಿಲ್ಲಿನವರು ಕಬ್ಬಿನ ಹಾಲಿನ ಅಂಗಡಿ ಇಡುತ್ತಾರೆಂಬ ಸುದ್ದಿ ಊರು ಮುಟ್ಟಿತ್ತು. ಮರುದಿನ ನನ್ನ ಕ್ಲಾಸಿನ ಹುಡುಗಿಯೊಬ್ಬಳು, "ಟೀಚರೇ, ಶುಂಠಿ ಹಾಕಿ ಕೊಡ್ತಾರಂತಾ?" ಎಂದು ಕೇಳಿದಳು. ಸಂಜೆ ಇಬ್ಬರು ಚೊಂಬು ಹಿಡಿದುಕೊಂಡೇ ಬಂದು, ಯಂತ್ರವನ್ನೂ ಮಾವನನ್ನೂ ನೋಡಿ, ನೀರು ಕುಡಿದು ಹೋದರು.

ಹುಲ್ಲಿನ ಕತ್ತಿ ಮರ ಕಡಿಯುತ್ತದೆಯೇ? ಮೊದಲ ಮಾವಿನ ರೆಂಬೆಗೇ ಎರಡೂ ಕತ್ತಿ ಬಾಯಿ ಮುರಿದುಕೊಂಡವು. ಮಾವ ಅವನ್ನು ಬಿಚ್ಚಿ ಎಸೆದು, ಕಮ್ಮಾರನಿಂದ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿಸಿ ಬೇರೆ ಕತ್ತಿ ಮಾಡಿಸಿದರು. ಕೈಹಿಡಿ ತೆಗೆದು ಮಿಲ್ಲಿನ ಡೀಸೆಲ್ ಇಂಜಿನ್ನಿನಿಂದ ಚಕ್ರಕ್ಕೆ ಬೆಲ್ಟ್ ಎಳೆದರು. ಇಂಜಿನ್ ನೋಡಿಕೊಳ್ಳುವ ಪುಟ್ಟಣ್ಣ ಬೆಲ್ಟ್ ಹಾಕುವ ಮುಂಚೆ ಚಕ್ರಕ್ಕೆ ಕೈಮುಗಿದದ್ದನ್ನು ನಾನು ಭಕ್ತಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಪ್ರಾಣಭಯ.

ಯಂತ್ರ ಶುರುವಾದ ಮೊದಲ ಗಳಿಗೆಯಲ್ಲಿ ಒಂದು ಕಡೆಯಿಂದ ಹಲಸಿನ ರೆಂಬೆ ಒಳಗೆ ಹೋಯಿತು. ಇನ್ನೊಂದು ಕಡೆಯಿಂದ ಅದು ಹೊರಗೆ ಬಂದದ್ದೂ ಹೌದು, ಆದರೆ ಎಲ್ಲೆಲ್ಲಿಗೆ ಬಂತು ಎಂಬುದೇ ಪ್ರಶ್ನೆ. ಮಾಡಿನ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ಕಿಟಕಿಯಿಂದ ತೂರಿ ಒಲೆಯ ಮೇಲಿನ ಹುಳಿಯೊಳಕ್ಕೆ! ಗೇಟಿನಲ್ಲಿದ್ದ ಅಂಚೆಯವನು ಚೀಲವನ್ನು ತಲೆಗೆ ಹಿಡಿದುಕೊಂಡು ಓಡಿದ. ಮುಂದೆ ನಮ್ಮ ಮನೆಯ ಪತ್ರಗಳನ್ನು ಬೇಲಿಯಾಚೆ ನಿಂತು ಕೂಗಿ ಕರೆದು ಕೊಡುತ್ತಿದ್ದ. ಸದ್ದಂತೂ ನಮ್ಮ ಶಾಲೆಗೆ ಚೆನ್ನಾಗಿ ಕೇಳುತ್ತಿತ್ತು. ಹೆಡ್ಮಾಸ್ಟರು ನನ್ನನ್ನು ಕರೆದು, "ನೋಡಮ್ಮಾ, ನಿಮ್ಮ ಮಾವನ ಮಿಷನ್ನು ನಡೀವಾಗ ಮಗ್ಗಿ ಹೇಳಿಸು, ನಿಂತಾಗ ಪದ್ಯ ಮಾಡು" ಎಂದು ವೇಳಾಪಟ್ಟಿಯನ್ನೇ ತಿದ್ದಿದರು. ಆ ವರ್ಷ ನಮ್ಮ ಮಕ್ಕಳು ಲೆಕ್ಕದಲ್ಲಿ ಬಹಳ ಮುಂದಿದ್ದರು.

ಅತ್ತೆ ಆ ಯಂತ್ರಕ್ಕೆ ರಾಕ್ಷಸ ಎಂದು ಹೆಸರಿಟ್ಟರು. ರಾಕ್ಷಸ ಒಮ್ಮೆ ಸೇಡು ತೀರಿಸಿಕೊಂಡದ್ದೂ ಆಯಿತು. ಕಾಡಿನಿಂದ ಬಂದ ರೆಂಬೆಗಳ ನಡುವೆ ಕಾಡುಗೇರಿನದೊಂದು ಸೇರಿಕೊಂಡಿತ್ತು. ಅದರ ಸೊನೆ ತಾಗಿದರೆ ಮೈ ಉರಿದು ಊದಿಕೊಳ್ಳುತ್ತದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮಾವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಂತ್ರದ ಸಂಭ್ರಮದಲ್ಲಿ ಅವರು ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದರು ಅಷ್ಟೆ. ಸೊನೆ ಪಿಚಕಾರಿಯಾಗಿ ಮುಖಕ್ಕೇ ಬಂತು. ಬೆಳಗಾಗುವಷ್ಟರಲ್ಲಿ ಮುಖ ಕುಂಬಳಕಾಯಿಯಾಗಿ ಎರಡು ಕಣ್ಣೂ ಮುಚ್ಚಿಹೋಗಿದ್ದವು. ನಾವು ಗಾಬರಿಯಾಗಿ ಎಣ್ಣೆ ಹುಡುಕುತ್ತಿದ್ದರೆ ಈ ಮಹಾಶಯರು ಹಾಸಿಗೆಯಲ್ಲಿಲ್ಲ! ಹೋಗಿ ನೋಡಿದರೆ ಮನೆಯ ಹಿಂದೆ ಹೊಸದಾಗಿ ಚೂರು ಹಾಸಿದ ದಾರಿಯ ಮೇಲೆ ಕಣ್ಣು ಕಾಣದೆ, ಕೈಚಾಚದೆ, ಒಬ್ಬರೇ ನಡೆಯುತ್ತಿದ್ದಾರೆ.

"ಕಾಲಿಗೇ ಗೊತ್ತಾಗ್ತದೆ ಕಣೆ!" ಎಂದರು ಊದಿದ ತುಟಿಯಲ್ಲೇ. "ಚೂರು ಇದ್ರೆ ದಾರಿ, ಇಲ್ದಿದ್ರೆ ಗುಡ್ಡ. ಎಲ್ಲೂ ಜಾರ್ಲಿಲ್ಲ. ಅವಳಿಗೆ ಹೇಳು, ಕಣ್ಣು ಮುಚ್ಕೊಂಡು ನಡೀಬಹುದು!"

ನಾನು ಹೇಳಿದೆ. "ಅವರ ಮುಖ ನೋಡಿದ ಮೇಲೆ ನಾನೂ ಕಣ್ಣು ಮುಚ್ಕೊಂಡೇ ಇರ್ಬೇಕು" ಎಂದು ಅತ್ತೆ ಅತ್ತ ತಿರುಗಿ ಕೂತರು. ಎಣ್ಣೆಯನ್ನು ಮಾತ್ರ ತಾವೇ ಕಾಯಿಸಿ ಹಚ್ಚಿದರು.

ದಾರಿಯ ಸುದ್ದಿ ಹರಡಿ, ನೋಡುವುದಕ್ಕೆ ಜನ ಬರತೊಡಗಿದರು. ಮರ ಕೊಯ್ಯಿಸಲು ಹುಂಚದಿಂದ ಬಂದಿದ್ದ ಗೌಡರೊಬ್ಬರು ಹಲಸಿನ ತಿರುವನ್ನೇ ನೋಡುತ್ತ ಕೇಳಿದರು:

"ಇದು ಎಲ್ಲಿಗೆ ಹೋಗ್ತದೆ ಸ್ವಾಮಿ?"

"ಎಲ್ಲಿಗೂ ಹೋಗೋದಿಲ್ಲ. ವಾಪಸು ಬರ್ತದೆ."

"ಎಲ್ಲಿಂದ ವಾಪಸು?"

"ಇಲ್ಲಿಂದ."

ಗೌಡರಿಗೆ ಈ ಉತ್ತರ ರುಚಿಸಲಿಲ್ಲ. ಮಿಲ್ಲಿನವರು ಏನೋ ಮುಚ್ಚಿಡುತ್ತಿದ್ದಾರೆ, ಆಚೆ ಎಲ್ಲೋ ಕದ್ದು ಕಡಿದ ಮರದ ರಾಶಿ, ಕಳ್ಳನಾಟಾ ಇರಬೇಕು ಎಂದುಕೊಂಡು, ಕೊಡೆ ಕಂಕುಳಲ್ಲಿಟ್ಟು ತಾವೇ ಹೊರಟರು. ಸ್ವಲ್ಪ ಹೊತ್ತಿನಲ್ಲಿ ಮಿಲ್ಲಿನ ಪಕ್ಕದಿಂದ ಬೆವರೊರೆಸಿಕೊಳ್ಳುತ್ತ ಬಂದು, ಎದುರಿಗೆ ಅದೇ ಮನೆ, ಅದೇ ಮಾವ ಇರುವುದನ್ನು ಕಂಡು ಗರಬಡಿದವರಂತೆ ನಿಂತರು. ಕಾಡಿನಲ್ಲಿ ಒಂದು ಬಳ್ಳಿ ಇದೆಯಂತೆ, ಅದನ್ನು ದಾಟಿದವರು ದಾರಿ ತಪ್ಪಿ ಸುತ್ತಿದಲ್ಲೇ ಸುತ್ತುತ್ತಾರಂತೆ. "ಆ ಬಳ್ಳಿ ದಾಟಿದೆ ಕಾಣ್ತದೆ ಮಾರಾಯ್ರೆ" ಎಂದು ಗೌಡರು ಕಾಲು ತೊಳೆದುಕೊಂಡು, ಮೊದಲ ಬಸ್ಸಿಗೇ ಊರಿಗೆ ಹೋದರು. ಅವರ ದಿಮ್ಮಿಗಳನ್ನು ಆಮೇಲೆ ಅವರ ತಮ್ಮ ಬಂದು ಒಯ್ದ.

ಹೀಗೆ ಊರೆಲ್ಲ ನಡೆಯಿತು. ಯಾರಿಗಾಗಿ ದಾರಿಯಾಯಿತೋ ಅವರು ಮಾತ್ರ ನಡೆಯಲಿಲ್ಲ. ಮಾವ ತಮಾಷೆ ಮಾಡುತ್ತಲೇ ಇದ್ದರು, ಆದರೆ ಸಂಜೆ ಜಗಲಿಯಲ್ಲಿ ಕೂತು ಅತ್ತೆಯ ಕಾಲನ್ನೇ ನೋಡುತ್ತಿದ್ದರು. ಮುರಿದ ಕಾಲು ಇನ್ನೊಂದಕ್ಕಿಂತ ತೆಳ್ಳಗಾಗುತ್ತ ಬಂದದ್ದು ನನ್ನ ಕಣ್ಣಿಗೂ ಬೀಳುತ್ತಿತ್ತು. ನನಗೆ ನಿಜವಾಗಿ ಭಯವಾಗಿತ್ತು.

ಆಮೇಲಿನದು ಬೇಲಿಯಾಚೆಯ ಕಾವೇರಮ್ಮನ ಕೃಪೆ. ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸುವುದು, ದನ ತುಳಿದು ಅದು ಗೊಬ್ಬರವಾಗುವುದು ನಮ್ಮ ಕಡೆಯ ಪದ್ಧತಿ. ಕೆಸರಾಗುವ ದಾರಿಗೂ ಕೆಲವರು ಹಾಸುತ್ತಾರೆ, ಜನ ತುಳಿದು ಹದವಾದ ಮೇಲೆ ಬಾಚಿ ಒಯ್ಯುತ್ತಾರೆ. ನೆಲದ ಮೇಲೆ ಮೆತ್ತಗೆ ಹರಡಿದ್ದೆಲ್ಲ ಕೊನೆಗೆ ಯಾವುದಾದರೂ ಕೊಟ್ಟಿಗೆಗೆ ಸೇರತಕ್ಕದ್ದು ಎಂಬುದು ಇಲ್ಲಿನವರ ನಂಬಿಕೆ. ಒಂದು ಬೆಳಿಗ್ಗೆ ಅಡಿಗೆಮನೆಯ ಕಿಟಕಿಯಿಂದ ಹಣಕಿದ ಅತ್ತೆಗೆ ದಾರಿಯಲ್ಲಿ ಚಾಪೆಯಗಲದಷ್ಟು ಮಣ್ಣು ಕಂಡಿತು. ಅದರಾಚೆ ಹೆಡಗೆ ಹಿಡಿದು ಬಗ್ಗಿದ ಕಾವೇರಮ್ಮನ ಬೆನ್ನೂ ಕಂಡಿತು.

"ಯಾರೇ ಅದು!" ಎಂದು ಅತ್ತೆ ಊರುಗೋಲು ಎತ್ತಿಕೊಂಡರು. ನಾನು ನೋಡುತ್ತಿದ್ದಂತೆ ಹೊಸ್ತಿಲು ದಾಟಿದರು, ಅಂಗಳ ದಾಟಿದರು, ದಾರಿಗೆ ಕಾಲಿಟ್ಟರು. ಮಿಲ್ಲಿನಲ್ಲಿ ಪುಟ್ಟಣ್ಣ ಇಂಜಿನ್ ನಿಲ್ಲಿಸಿದ. ಮಾವ ದಿಮ್ಮಿಯ ರಾಶಿಯ ಹಿಂದೆ ಅವಿತುಕೊಂಡು ಇಣುಕಿದರು. ಅತ್ತೆ ಹಲಸಿನ ತಿರುವಿನವರೆಗೆ ಹೋಗಿ ನಿಂತರು. ಸಿಟ್ಟಿನಲ್ಲಿ ಅವರಿಗೆ ಕಾಲಿನ ನೆನಪೇ ಇರಲಿಲ್ಲ.

"ತುಳಿದು ಹದ ಆಗಿತ್ತಲ್ಲ ಅಕ್ಕಾ, ಹಾಳಾಗ್ತದೆ ಅಂತ ತಗೊಂಡೆ" ಎಂದರು ಕಾವೇರಮ್ಮ. "ನಿಮ್ಮನೇಲಿ ಈಗ ದನ ಇಲ್ಲ. ದನ ಇಲ್ಲದವರು ಸೊಪ್ಪು ಹಾಸೋದು ಮತ್ಯಾರಿಗೆ? ನಂಗೋಸ್ಕರವೇ ಹಾಸ್ತಿದಾರೆ ಅಂತ ತಿಳ್ಕೊಂಡಿದ್ದೆ!"

"ಸೊಪ್ಪಂತೆ ಸೊಪ್ಪು! ನಮ್ಮನೆಯವರು ಮೂತಿ ಊದಿಸ್ಕೊಂಡು ಕೊಚ್ಚಿದ್ದು ಅದು! ನಮ್ಮ ಮಿಷನ್ನಿನ ಚೂರಿಗೆ ಕೈ ಹಾಕಿದವರ ಕೈ ಸೇದಿಹೋಗ!"

ರಾಕ್ಷಸ ಒಂದೇ ದಿನದಲ್ಲಿ ನಮ್ಮ ಮಿಷನ್ನಾಗಿತ್ತು! ತಿರುಗಿ ಬರುವಾಗ ಕಾಲಿನ ನೆನಪಾಗಿ ಅತ್ತೆ, ಹಿಂದೆಯೇ ಓಡಿ ಬಂದಿದ್ದ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೈಯೆಲ್ಲ ಬೆವರಿತ್ತು. ಆದರೆ ಜಾರಿರಲಿಲ್ಲ. ಮಾವ ರಾಶಿಯ ಹಿಂದೆಯೇ ಕೂತು ಪುಟ್ಟಣ್ಣನಿಗೆ ಬೀಡಿ ಕೊಡಿಸಿದರಂತೆ.

ಕಾವೇರಮ್ಮ ಒಳ್ಳೆಯ ಹೆಂಗಸು. ಅದೇ ಸಂಜೆ ಸೌತೆಕಾಯಿ ತಂದುಕೊಟ್ಟು, ಇನ್ನು ಆ ಕಡೆ ತಲೆ ಹಾಕುವುದಿಲ್ಲವೆಂದು ಹೇಳಿ ಹೋದರು. ಹೇಳಿದಂತೆ ನಡೆದುಕೊಂಡರು ಕೂಡ. ಇದರಷ್ಟು ದೊಡ್ಡ ಅನಾಹುತ ಇನ್ನೊಂದಿಲ್ಲ! ಕದಿಯುವವರಿಲ್ಲ, ಕಾಯುವ ಕೆಲಸವಿಲ್ಲ, ಅತ್ತೆ ಮತ್ತೆ ಒಳಗೆ ಕೂತರು. ಕಳ್ಳರು ಸುಧಾರಿಸಿದ್ದಕ್ಕೆ ಅಷ್ಟೊಂದು ನೊಂದುಕೊಂಡವರನ್ನು ನಾನು ಮಾವನ ಹೊರತು ಬೇರೆ ಯಾರನ್ನೂ ಕಂಡಿಲ್ಲ. ಬೇಲಿಯ ಹತ್ತಿರ ಹೋಗಿ, "ಕಾವೇರಮ್ಮಾ, ಕೊಟ್ಟಿಗೆಗೆ ಸೊಪ್ಪು ಸಾಕಾಗ್ತದಾ?" ಎಂದು ಆಸೆಯಿಂದ ವಿಚಾರಿಸುತ್ತಿದ್ದರು. ಸಾಕಾಗುತ್ತಿತ್ತು.

ಸ್ವಲ್ಪ ದಿನ ಕಳೆದು ಕಳವು ಮತ್ತೆ ಶುರುವಾಯಿತು. ಈ ಸಲ ಹಲಸಿನ ತಿರುವಿನಲ್ಲೇ ಒಂದು ಹೆಡಗೆಯಷ್ಟು ಹೋಗಿತ್ತು. ಅತ್ತೆ ಕೋಲು ಹಿಡಿದು ಹೋಗಿ ನೋಡಿ ಬಂದರು. ಕಾವೇರಮ್ಮ ದೇವರ ಮೇಲೆ ಆಣೆಯಿಟ್ಟು ತಾನಲ್ಲ ಎಂದರು. ಮತ್ತೆ ತಿರುವಿನಿಂದ ಸ್ವಲ್ಪ ಮುಂದೆ ಹೋಯಿತು, ಆಮೇಲೆ ಮತ್ತಿಮರದ ಬುಡದಲ್ಲಿ, ಆಮೇಲೆ ಏರಿನ ನಡುವೆ. ಕಳ್ಳ ದಿನದಿಂದ ದಿನಕ್ಕೆ ಗುಡ್ಡ ಹತ್ತುತ್ತಿದ್ದ, ಅವನ ಹಿಂದೆ ಅತ್ತೆಯೂ ಹತ್ತುತ್ತಿದ್ದರು. ಬರಿಗೈಯಲ್ಲಿ ಸುತ್ತುವ ನಾಚಿಕೆಯೂ ಈಗಿಲ್ಲ. ಕಳ್ಳನನ್ನು ಹುಡುಕುವ ಹೆಂಗಸನ್ನು ನೋಡಿ ಯಾರು ನಗುತ್ತಾರೆ? ಮೊದಮೊದಲು ನೆಲಕ್ಕೆ ಊರುತ್ತಿದ್ದ ಕೋಲನ್ನು ಕ್ರಮೇಣ ಗಾಳಿಯಲ್ಲಿ ಬೀಸುವುದೇ ಹೆಚ್ಚಾಯಿತು.

ನನಗೆ ಸೋಜಿಗವೆನಿಸಿದ್ದು ಅತ್ತೆಯ ಶಾಪಗಳು. ಮೊದಲ ದಿನಗಳಲ್ಲಿ "ಕೈ ಸೇದಿಹೋಗ" ಎಂದೇ ಶುರುವಾಗುತ್ತಿದ್ದವು, ಬರಬರುತ್ತ "ದೇವರು ಅವನಿಗೆ ಒಳ್ಳೆ ಬುದ್ಧಿ ಕೊಡಲಿ" ಎನ್ನುವಲ್ಲಿಗೆ ಇಳಿದವು. ಒಂದು ದಿನವಂತೂ ಅಕ್ಕಿ ಆರಿಸುತ್ತ, "ಈ ಬಿಸಿಲಲ್ಲಿ ಕದೀತಾನಲ್ಲ, ಪಿತ್ತ ಕೆರಳೋದಿಲ್ವಾ ಅವನಿಗೆ?" ಎಂದು ಚಿಂತಿಸಿದರು. ವಯಸ್ಸಾದ ಹಾಗೆ ಅತ್ತೆಗೆ ವೈರಾಗ್ಯ ಬರುತ್ತಿದೆ ಅಂದುಕೊಂಡೆ. ಟೀಚರಾದವರಿಗೆ ಎಲ್ಲ ಬೇಗ ತಿಳಿಯುತ್ತದೆ ಎಂದು ಜನ ಯಾಕೆ ಭಾವಿಸುತ್ತಾರೋ!

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತು. ಬಿಸಿಲಿಗೆ ಹೆದರಿ ಗುಡ್ಡದ ಹಿಂದಿನ ಒಳದಾರಿ ಹಿಡಿದು ಬಂದೆ. ಊಟವಾಗಿ ಅತ್ತೆ ಮಲಗುವ ಹೊತ್ತು. ಏರಿನ ಮೇಲೆ ಒಬ್ಬರು ಬಗ್ಗಿ, ದಾರಿಯ ಚೂರನ್ನು ಎರಡೂ ಕೈಯಲ್ಲಿ ಬಾಚಿ ಹೆಡಗೆಗೆ ತುಂಬುತ್ತಿದ್ದರು. ತಲೆ ಮುಖಕ್ಕೆಲ್ಲ ಟವಲು ಸುತ್ತಿತ್ತು. ಆದರೆ ನನ್ನ ಸೋದರಮಾವನ ಬೆನ್ನು ನನಗೆ ಗೊತ್ತಾಗುವುದಿಲ್ಲವೇ?

"ಮಾವಾ! ನಿಮ್ಮ ದಾರಿ ನೀವೇ ಕದೀತೀರಾ?"

"ಶ್! ಮೆಲ್ಲಗೆ ಮಾರಾಯ್ತಿ!" ಎಂದು ಮಾವ ಹೆಡಗೆಯ ಹಿಂದೆ ಅಡಗಲು ನೋಡಿದರು. "ಕದಿಯೋದಲ್ಲ ಇದು, ಚಿಕಿತ್ಸೆ! ನಿನ್ನೆ ಆ ಕೆಂಪು ಕಲ್ಲಿನವರೆಗೆ ಹತ್ತಿದ್ಲು. ಇವತ್ತು ಇಲ್ಲೀವರೆಗೆ ಬರ್ತಾಳೆ. ನಡಿ ಅಂದ್ರೆ ನಡೀಲಿಲ್ಲ. ಕಳವಾಗಿದೆ ಅಂದ್ರೆ ಓಡ್ತಾಳೆ."

ಕದ್ದ ಮಾಲನ್ನು ಮಿಲ್ಲಿನ ಮೂಲೆಯಲ್ಲಿ ಬಚ್ಚಿಟ್ಟು, ಮರುದಿನ ಅದನ್ನೇ ಹೊಸ ಚೂರೆಂದು ದಾರಿಗೆ ಹಾಸುತ್ತಿದ್ದರಂತೆ. ಹಾಗಾದರೆ ಯಂತ್ರ ಯಾಕೆ ದಿನವೂ ಓಡುತ್ತಿತ್ತು? "ಸದ್ದು ಕೇಳದಿದ್ರೆ ಅವಳಿಗೆ ಅನುಮಾನ ಬರ್ತದಲ್ಲ!" ಕದಿಯುವುದು, ಹಾಸುವುದು, ಬರಿಯ ಚಕ್ರ ತಿರುಗಿಸುವುದು, ಇದರ ನಡುವೆ ಸ್ವಲ್ಪ ಮಿಲ್ಲನ್ನೂ ನೋಡಿಕೊಳ್ಳುವುದು. ಇಷ್ಟು ದುಡಿಯುವ ಕಳ್ಳ ಯಾವ ತಾಲೂಕಿನಲ್ಲಿದ್ದಾನೆ? ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡೇ ಅವರು ಹೆಡಗೆ ಎತ್ತಿದ್ದು.

ಮಾತೇನೋ ಕೊಟ್ಟೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಬಹಳ ಕಷ್ಟವಾಯಿತು. ಮುಂದಿನ ಭಾನುವಾರದ ಹೊತ್ತಿಗೆ ಕಳವು ತುದಿಯ ಬಂಡೆಯ ಬುಡಕ್ಕೇ ಬಂದಿತ್ತು. ಅತ್ತೆ "ಬಾರೆ" ಎಂದು ನನ್ನನ್ನೂ ಹೊರಡಿಸಿದರು. ಹಲಸಿನ ಮರ, ಮತ್ತಿಮರ, ಕೆಂಪು ಕಲ್ಲು, ಏರು, ಎಲ್ಲ ದಾಟಿ ತುದಿ ಮುಟ್ಟಿದೆವು. ಏದುಸಿರು ಬಿಡುತ್ತಿದ್ದವಳು ನಾನು! ಅತ್ತೆ ಬಂಡೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. ಕೆಳಗೆ ಮಿಲ್ಲಿನ ತಗಡು ಹೊಳೆಯುತ್ತಿತ್ತು. ಭಾನುವಾರವಾದರೂ ಇಂಜಿನ್ನಿನ ಸದ್ದಿತ್ತು. ನನಗೆ ತಡೆಯಲಾಗಲಿಲ್ಲ.

"ಆ ಕಳ್ಳ ಸಿಕ್ಕಿಬಿದ್ರೆ ಎಂತ ಮಾಡ್ತೀರಿ ಅತ್ತೆ?"

"ಎಂತ ಮಾಡೋದು? ಬಡಿಸಿ ಊಟ ಹಾಕೋದು. ದಿನಾ ಹಾಕ್ತಿದೀನಲ್ಲ."

ನಾನು ಬಾಯಿ ತೆರೆದುಕೊಂಡು ನೋಡಿದೆ. ಅತ್ತೆ ಕೋಲಿನ ತುದಿಯಿಂದ ಚೂರು ಹೋದ ಜಾಗವನ್ನು ತೋರಿಸಿದರು. "ಇಲ್ಲಿ ನೋಡು. ಕದ್ದಲ್ಲೆಲ್ಲ ಕಲ್ಲು ಹೆಕ್ಕಿ ಬದಿಗೆ ಹಾಕಿ ಹೋಗ್ತಾನೆ ಕಳ್ಳ. ಬರೀ ಮಣ್ಣಿನ ಮೇಲೆ ಕಾಲಿಟ್ರೆ ನಂಗೆ ಚುಚ್ಚಬಾರ್ದಲ್ಲ, ಅದಕ್ಕೆ. ಇಂಥ ಕಳ್ಳ ನಂಗೆ ಒಬ್ಬರೇ ಗೊತ್ತಿರೋದು ಕಣೆ." ದನಿ ತಗ್ಗಿಸಿ ಮತ್ತೆ ಹೇಳಿದರು: "ಮೊದಲೆಲ್ಲ ನಂಗೆ ಗೊತ್ತಿರ್ಲಿಲ್ಲ. ಕೈ ಸೇದಿಹೋಗ ಅಂದ್ಬಿಟ್ಟಿದ್ದೆ. ಗೊತ್ತಾದ ದಿನ ದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟೆ. ಅವರಿಗೆ ಹೇಳ್ಬೇಡ. ಹೇಳಿದ್ರೆ ಕದಿಯೋದು ಬಿಟ್ಟುಬಿಡ್ತಾರೆ."

ಆ ಗಳಿಗೆಯಲ್ಲಿ ನನಗೆ ಇಬ್ಬರ ಮೇಲೂ ಉಕ್ಕಿಬಂದ ಪ್ರೀತಿಯನ್ನು ಹೇಗೆ ಹೇಳಲಿ! ಅತ್ತೆ ನನ್ನ ಕೈಗಾಗಿ ಕಾಯದೆ ಬಂಡೆಯಿಂದ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗಿನ ಮಿಲ್ಲಿಗೆ ಕೇಳುವಂತೆ ದನಿಯೆತ್ತಿದರು:

"ಕೇಳಿಸ್ತೇನ್ರೀ! ಇವತ್ತೂ ಕದ್ಕೊಂಡು ಹೋಗಿದಾನೆ, ಹಾಳು ಕಳ್ಳ!"

ಇಂಜಿನ್ನು ತಟ್ಟನೆ ನಿಂತಿತು. ದಿಮ್ಮಿಗಳ ಹಿಂದಿನಿಂದ ಮಾವನ ದನಿ ಬಂತು: "ಹೌದಾ? ಎಲ್ಲೀವರೆಗೆ?"

"ತುದೀವರೆಗೆ! ಗುಡ್ಡದ ತುದೀವರೆಗೆ!"

ಮಾವ ಬಯಲಿಗೆ ಬಂದು, ತಲೆಯೆತ್ತಿ ತುದಿಯನ್ನೇ ನೋಡುತ್ತ ನಿಂತರು. ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

"ಕಳ್ಳ ಅಳ್ತಿದಾನೆ ನೋಡೇ" ಎಂದರು ಅತ್ತೆ ಮೆಲ್ಲಗೆ. ಅವರ ಕಣ್ಣೂ ತುಂಬಿತ್ತು. ನಾನು ಕೈಚಾಚಿದೆ, ಅವರು ನೋಡಲಿಲ್ಲ, ಇಳಿಯತೊಡಗಿದ್ದರು.